ಮೇಲಿನ ಹಲ್ಲು ಮತ್ತು ನನ್ನ ಭಾವ ಯೋಗಾನಂದ

ನನ್ನ ಮಗಳಿಗೆ ಮೇಲಿನ ಹಲ್ಲು ಮೊದಲು ಬಂದರೆ ನನ್ನ ಭಾವ ಯೋಗಾನಂದ ಸಾಯುತ್ತಾನೆ ಎಂದು ತೀರ್ಮಾನವಾದದ್ದು ಒಂದು ಭಾನುವಾರ ಬೆಳಗ್ಗೆ, ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ. ತೀರ್ಮಾನ ಕೊಟ್ಟವರು ನನ್ನ ಅತ್ತೆ ಲಿಂಗಮ್ಮ. ಮಗು ವಚನಾಳಿಗೆ ಆಗ ಏಳು ತಿಂಗಳು. ಅತ್ತೆ ಕೈ ತೊಳೆದುಕೊಂಡು ಬಂದು, ಅವಳ ಬಾಯಿಗೆ ಬೆರಳು ಹಾಕಿ, ಮೇಲಿನ ವಸಡನ್ನು ಮಾವಿನಹಣ್ಣು ಒತ್ತಿ ನೋಡುವ ಹಾಗೆ ಒತ್ತಿ, "ಅಯ್ಯಯ್ಯೋ, ಮೇಲೆ ಊದಿದೆ ಕಣೇ ದಿವ್ಯಾ!" ಎಂದು ಚೀರಿದರು. ನನ್ನ ಹೆಂಡತಿ ದಿವ್ಯ ಕೈಲಿದ್ದ ಚಮಚ ಕೆಳಗಿಟ್ಟಳು. ಯೋಗಾನಂದ ಮಾತ್ರ ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಲಿಲ್ಲ. ಸಾಯಬೇಕಾದವನು ಅವನೇ ಆದರೂ ಅವನಿಗೆ ಹಸಿವಾಗಿತ್ತು.

ನಮ್ಮಲ್ಲಿ ಹಾಗೊಂದು ನಂಬಿಕೆ. ಮಗುವಿಗೆ ಕೆಳಗಿನ ಹಲ್ಲು ಮೊದಲು ಮೂಡಬೇಕು. ಮೇಲಿನದು ಮೊದಲು ಮೂಡಿದರೆ ಸೋದರಮಾವನಿಗೆ ಕಂಟಕ. ಅಪ್ಪನಿಗಲ್ಲ, ಚಿಕ್ಕಪ್ಪನಿಗಲ್ಲ, ನಮ್ಮ ಮನೆ ಓನರಿಗಂತೂ ಅಲ್ಲವೇ ಅಲ್ಲ, ಸೋದರಮಾವನಿಗೇ. ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ವಸಡಿಗೂ ಆಯುಷ್ಯಕ್ಕೂ ಏನು ಸಂಬಂಧ ಎಂದು ಕೇಳಿದೆ. "ಅದೆಲ್ಲಾ ನಿಮ್ಮ ಪುಸ್ತಕದಲ್ಲಿ ಇರಲ್ಲ ಬಿಡಿ ಕಿರಣ್," ಎಂದರು ಅತ್ತೆ. ಆ ಮಾತು ನಿಜವೇ, ನನ್ನ ಪುಸ್ತಕದಲ್ಲಿ ಅದು ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮನೆತನಕ್ಕೆ ಅಳಿಯನಾಗಿ ಬಂದಮೇಲೆ ಅನುಭವಿಸಬೇಕು.

ಅತ್ತೆಗೆ ಅಷ್ಟು ಖಾತರಿ ಇರಲು ಕಾರಣ ಯೋಗಾನಂದನೇ. ಅವನು ನನಗಿಂತ ದೊಡ್ಡವನು, ಬಾಯ್ತುಂಬ ಭಾವ ಅಂತಲೇ ಕರೆಯುತ್ತೇನೆ. ಆದರೆ ಇಲ್ಲಿ 'ಅವನು' ಎಂದು ಬರೆಯುತ್ತೇನೆ, ಪ್ರೀತಿ ಇರುವ ಕಡೆ ಬಹುವಚನ ಯಾಕೆ? ಅತ್ತಿಗುಪ್ಪೆಯಲ್ಲಿ ಇನ್ನೂ ಹೊಲದ ಬದುಗಳು ಕಾಣುತ್ತಿದ್ದ ಕಾಲದಲ್ಲಿ ಅವನು ಹುಟ್ಟಿದ. ಅವನಿಗೆ ಮೇಲಿನ ಹಲ್ಲು ಮೊದಲು ಬಂತು. ಅವನ ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲೇ ಅತ್ತೆಯ ಒಬ್ಬನೇ ಅಣ್ಣ, ದೊಡ್ಡಣ್ಣ, ತೀರಿಕೊಂಡ. ದೊಡ್ಡಣ್ಣ ದೇವರಂಥ ಮನುಷ್ಯ ಎಂದು ಅತ್ತೆಯೂ ಅವರ ತಂಗಿ ಅಂಜಮ್ಮನೂ ಇವತ್ತಿಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಂಥ ದೇವರು ಹೇಗೆ ಸತ್ತ ಎಂದು ಕೇಳಿದರೆ ಇಬ್ಬರೂ ಯೋಗಾನಂದನ ಬಾಯಿಯ ಕಡೆ ನೋಡುತ್ತಾರೆ.

ಅವತ್ತಿನಿಂದ ಅವನ ಹೆಸರು 'ಮಾವನ್ನ ತಿಂದೋನು'. ಸಿಟ್ಟಿನಿಂದ ಕರೆಯುತ್ತಿದ್ದರು ಅಂದುಕೊಳ್ಳಬೇಡಿ. ಮುದ್ದಿನಿಂದಲೇ. "ಬಾರೋ ಮಾವನ್ನ ತಿಂದೋನೆ, ಕಾಫಿ ಆರೋಗುತ್ತೆ" ಅನ್ನುವ ಹಾಗೆ. ಶಾಲೆಗೆ ಸೇರಿಸುವಾಗ ಹಾಗೆ ಕರೆದರು, ಐಟಿಐ ಪಾಸಾದಾಗ ಹಾಗೆ ಕರೆದರು. ಹೆಣ್ಣು ನೋಡಲು ಹೋದ ಕಡೆಯೂ ಅಂಜಮ್ಮ ಕೇಸರಿಬಾತ್ ತಿನ್ನುತ್ತಾ, "ಹುಷಾರಪ್ಪ, ಇವನು ಸೋದರಮಾವನ್ನೇ ತಿಂದೋನು, ಭಾವಮೈದುನರನ್ನ ಬಿಡ್ತಾನಾ!" ಎಂದು ಹುಡುಗಿಯ ಅಣ್ಣಂದಿರ ಎದುರು ನಕ್ಕರಂತೆ. ಅಣ್ಣಂದಿರು ನಗಲಿಲ್ಲ. ಮದುವೆ ಆಗಲಿಲ್ಲ. ಹೀಗಾಗಿ ನಲವತ್ತು ದಾಟಿದ ಯೋಗಾನಂದ ಅಮ್ಮನ ಜೊತೆಯಲ್ಲೇ ಇದ್ದುಕೊಂಡು, ಕಾಮಾಕ್ಷಿಪಾಳ್ಯದ ಒಂದು ಮಳಿಗೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತಾನೆ. ನಗು ಬಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಾನೆ.

ಆ ಭಾನುವಾರ ಅವನನ್ನು ಕಳಿಸಿಕೊಡಲು ಕೆಳಗೆ ಇಳಿದೆ. ಮೆಟ್ಟಿಲ ಮೇಲೆ ನಿಂತು, "ಭಾವ, ನೀವು ಹೆದರ್ಕೋಬೇಡಿ, ಇದೆಲ್ಲಾ ಸುಡುಗಾಡು ಮಾತು" ಎಂದೆ.

"ಸಾಯೋದಕ್ಕೆ ಯಾವನು ಹೆದರ್ತಾನೆ ಕಿರಣ್? ಎಲ್ಲಾರೂ ಸಾಯ್ತಾರೆ," ಎಂದ. ಆಮೇಲೆ ಜೇಬಿನಿಂದ ಸ್ಕೂಟರಿನ ಕೀಲಿ ತೆಗೆಯುತ್ತಾ, "ನನ್ನ ಕರೆದಂಗೆ ಇವಳನ್ನ ಕರೀಬಾರದು. ಅಷ್ಟೇ ನಂಗೆ. ಮುಂದೆ ಯಾವತ್ತೋ ಒಂದಿನ ನಂಗೆ ಜ್ವರ ಬಂದು ಹೋದ್ರೂ ಇವಳ ತಲೆಗೇ ಕಟ್ತಾರೆ. ಕೆಳಗಿನ ಹಲ್ಲು ಮೊದಲು ಬರಲೇಬೇಕು. ಬರಿಸ್ತೀನಿ ನೋಡಿ," ಎಂದ. ಅವನ ದನಿ ಮಿಕ್ಸಿ ರಿಪೇರಿಯಾಗುತ್ತೆ, ಗುರುವಾರ ಬನ್ನಿ ಎನ್ನುವ ದನಿಯ ಹಾಗಿತ್ತು.

ಮರುದಿನದಿಂದಲೇ ಶುರುವಾಯಿತು. ಹಲ್ಲು ಬೇಗ ಬರಬೇಕಾದರೆ ಸುಣ್ಣದ ಸತ್ವ ಬೇಕು ಎಂದು ಯಾರೋ ಹೇಳಿದ್ದರು. ಯೋಗಾನಂದ ಮಾಗಡಿ ರಸ್ತೆಯಿಂದ ರಾಗಿ ತಂದ, ನೆನೆಸಿದ, ಮೊಳಕೆ ಕಟ್ಟಿದ, ಅಂಗಡಿಯ ಮೇಲಿನ ಶೀಟಿನ ಮೇಲೆ ಒಣಗಿಸಿದ. ಎಳ್ಳು ಹುರಿದ. ನುಗ್ಗೆಸೊಪ್ಪು ನೆರಳಲ್ಲಿ ಒಣಗಿಸಿದ. ಪುಡಿ ಮಾಡುವುದಕ್ಕೆ ಮಿಕ್ಸಿಗಳಿಗೇನು ಬರ? ರಿಪೇರಿಗೆ ಬಂದ ಪ್ರತಿ ಮಿಕ್ಸಿಯನ್ನೂ 'ಟೆಸ್ಟಿಂಗ್' ನೆಪದಲ್ಲಿ ರಾಗಿ ಪುಡಿ ಮಾಡಿಸಿಯೇ ವಾಪಸ್ ಕೊಡುತ್ತಿದ್ದ. "ಏನಣ್ಣ, ನಮ್ಮ ಮಿಕ್ಸಿಗೆ ಬಾಣಂತಿ ಮನೆ ವಾಸನೆ ಬರ್ತಿದೆ?" ಎಂದು ಒಬ್ಬಾಕೆ ಜಗಳಕ್ಕೆ ಬಂದರಂತೆ. ಹೀಗೆ ಕಾಮಾಕ್ಷಿಪಾಳ್ಯದ ಅರ್ಧ ಮನೆಗಳ ಮಿಕ್ಸಿಗಳು ನನ್ನ ಮಗಳ ಹಲ್ಲಿಗಾಗಿ ದುಡಿದವು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ. ರಾಗಿ, ಎಳ್ಳು, ಮೊಸರು, ಸೊಪ್ಪು ತಿಂದು ಯಾವ ಮಗು ಕೆಟ್ಟಿದೆ? ಆದರೆ ಸತ್ವವೆಲ್ಲ ಕೆಳಗಿನ ವಸಡಿಗೇ ಹೋಗಬೇಕಲ್ಲ! ಅದಕ್ಕೆ ಅವನ ಸಿದ್ಧಾಂತ ಏನೆಂದರೆ, ಪುಡಿ ಯಾವಾಗಲೂ ಜಾರಿನ ತಳದಲ್ಲಿ ಕೂರುತ್ತದೆ, ಮುಚ್ಚಳಕ್ಕೆ ಹತ್ತುವುದಿಲ್ಲ. ಆದ್ದರಿಂದ ಮಗುವನ್ನು ನೆಟ್ಟಗೆ ಕೂರಿಸಿಯೇ ತಿನ್ನಿಸಬೇಕು, ತಿಂದಮೇಲೂ ಮಲಗಿಸಬಾರದು. ಮಲಗಿದರೆ ಸತ್ವ ಹಿಂದಕ್ಕೆ ಹರಿದು ಕಿವಿಯ ಕಡೆ ಹೋಗುತ್ತದಂತೆ. ಒಂದು ಸ್ಟೀಲ್ ಚಮಚವನ್ನು ಅಂಗಡಿಯ ಮೇಜಿಗೆ ಬಿಗಿದಿದ್ದ ಕಬ್ಬಿಣದ ಇಕ್ಕಳಕ್ಕೆ ಸಿಕ್ಕಿಸಿ ಕೊಕ್ಕಿನ ಹಾಗೆ ಬಗ್ಗಿಸಿ, ಅಂಚನ್ನು ನುಣ್ಣಗೆ ಉಜ್ಜಿ ತಂದ. ಅದರಲ್ಲಿ ತಿನ್ನಿಸಿದರೆ ರಾಗಿಸರಿ ಮೇಲಿನ ವಸಡಿಗೆ ತಾಗದೆ ನೇರ ಕೆಳಕ್ಕೆ ಬೀಳುತ್ತಿತ್ತು. ಕೆಳಕ್ಕೆ ಅಂದರೆ ಹೆಚ್ಚಾಗಿ ನನ್ನ ಲುಂಗಿಯ ಮೇಲೆ.

"ನೀವು ವಿಜ್ಞಾನದ ಮೇಷ್ಟ್ರು ತಾನೇ, ಗುರುತ್ವಾಕರ್ಷಣೆ ಗೊತ್ತಿಲ್ವಾ?" ಎಂದು ನನಗೇ ಕೇಳಿದ. ನನಗೆ ಮೈಯೆಲ್ಲಾ ಉರಿದುಹೋಯಿತು.

ಜಗಳ ಬಗೆಹರಿಯಲಿ ಎಂದು ದಿವ್ಯ ನಮ್ಮನ್ನೆಲ್ಲ ವಿಜಯನಗರದ ಹಲ್ಲಿನ ಡಾಕ್ಟರ್ ಸಿಂಚನಾ ಹತ್ತಿರ ಕರೆದುಕೊಂಡು ಹೋದಳು. ಚಿಕ್ಕ ವಯಸ್ಸಿನ, ನಗುಮುಖದ ಹುಡುಗಿ. ಹಲ್ಲೇ ಇಲ್ಲದ ಮಗುವಿನ ಜೊತೆ ನಾಲ್ಕು ಜನ ಬಂದದ್ದು ಕಂಡು ಅವರಿಗೆ ಗಾಬರಿಯಾಯಿತು. ಯೋಗಾನಂದ ಮುಂದೆ ಬಗ್ಗಿ, ಗುಟ್ಟು ಕೇಳುವವನ ಹಾಗೆ, "ಮೇಡಂ, ಕೆಳಗಿನ ಹಲ್ಲಿಗೆ ಅಂತಲೇ ಬೇರೆ ಊಟ ಏನಾದ್ರೂ ಇದ್ಯಾ?" ಎಂದ.

"ಹಾಗೆಲ್ಲ ಇರಲ್ಲ ಸಾರ್. ಹಾಲುಹಲ್ಲು ಮಗು ತಾಯಿ ಹೊಟ್ಟೇಲಿ ಇರುವಾಗಲೇ ವಸಡಿನ ಒಳಗೆ ರೂಪ ಆಗೋಕೆ ಶುರುವಾಗಿರುತ್ತೆ. ಯಾವುದು ಮೊದಲು ಹೊರಗೆ ಬರುತ್ತೋ ಅದು ಆಯಾ ಮಗೂದು. ನೀವು ಕೊಡ್ತಿರೋ ರಾಗಿ, ಮೊಸರು, ಸೊಪ್ಪು ತುಂಬಾ ಒಳ್ಳೇದು, ಬಂದ ಹಲ್ಲು ಗಟ್ಟಿಯಾಗುತ್ತೆ, ಮುಂದೆ ಬರೋ ಹಲ್ಲಿಗೂ ಬೇಕು. ಸಕ್ಕರೆ ಬೇಡ, ಬಿಸ್ಕತ್ತು ಬೇಡ, ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ಮಗು ಇನ್ನೊಂಚೂರು ಬೆಳೆದ ಮೇಲೆ ಕಚ್ಚಿ ಜಗಿಯೋ ಅಂಥದ್ದು ಕೊಡಿ. ಮೊಟ್ಟೆ ತಿಂತೀರಾ?"

ಅತ್ತೆ ಎದೆ ಹಿಡಿದುಕೊಂಡರು. ಡಾಕ್ಟರು ಮೊಟ್ಟೆಯನ್ನು ಕೈಬಿಟ್ಟರು.

"ಹಾಗಾದ್ರೆ ಮೇಲಿನದು ಒಂಚೂರು ತಡ ಮಾಡೋಕೆ ಏನಾದ್ರೂ?" ಎಂದು ಯೋಗಾನಂದ ಮತ್ತೆ ಕೇಳಿದ. ಯಾಕೆ ಎಂದು ಡಾಕ್ಟರು ಕೇಳಿದಾಗ ಅತ್ತೆ ಇದ್ದ ವಿಷಯ ಹೇಳಿಯೇಬಿಟ್ಟರು. ಡಾಕ್ಟರು ನಗಲಿಲ್ಲ, ಪಾಪ. ಪೆನ್ನು ಕೆಳಗಿಟ್ಟು, "ನಂಗೂ ಮೇಲಿನದೇ ಮೊದಲು ಬಂದಿದ್ದಂತೆ ಆಂಟಿ. ನಮ್ಮ ಸೋದರಮಾವ ಕೆಂಗೇರಿಯಲ್ಲಿ ಚೆನ್ನಾಗೇ ಇದಾರೆ," ಎಂದರು. ಅತ್ತೆ ಹೊರಗೆ ಬಂದು, "ಇನ್ನೂ ಇದಾನೆ ಅಂದ್ಲು ಅಷ್ಟೇ, ಮುಂದೆ ಏನೋ" ಎಂದರು.

ಒಂದು ತಿಂಗಳು ಕಳೆಯಿತು. ಒಂದು ಸಂಜೆ ವಚನಾ ಅತ್ತಳು, ಜೊಲ್ಲು ಸುರಿಸಿದಳು, ಬಾಯಿ ತೆರೆದಳು. ಮೇಲೆ ಎರಡು ಅಕ್ಕಿಕಾಳು. ಕೆಳಗೆ ಏನೂ ಇಲ್ಲ. ನನಗೆ ಎಂಥ ಸಂತೋಷವಾಯಿತು! ನನ್ನ ಮಗಳ ಮೊದಲ ಹಲ್ಲು! ಆದರೆ ಮನೆಯಲ್ಲಿ ಯಾರೋ ಹೋದವರ ಹಾಗೆ ಫೋನುಗಳು ಓಡಾಡಿದವು.

ಇದಕ್ಕೆ ಪರಿಹಾರವೂ ಇದೆ. ಸೋದರಮಾವ ಮಗುವಿನ ಹಲ್ಲನ್ನು ನೇರ ನೋಡಬಾರದು. ಕಂಚಿನ ಬಟ್ಟಲಲ್ಲಿ ಎಣ್ಣೆ ಹಾಕಿ, ಅದರಲ್ಲಿ ಮಗುವಿನ ನೆರಳು ನೋಡಬೇಕು. ನಂದಿನಿ ಲೇಔಟಿನಿಂದ ಅಂಜಮ್ಮ ಬಟ್ಟಲು ತಂದರು. ಯೋಗಾನಂದನಿಗೆ ಟವೆಲಿನಿಂದ ಕಣ್ಣು ಕಟ್ಟಿ ಮೆಟ್ಟಿಲು ಹತ್ತಿಸಿದರು. ಬಾಗಿಲಲ್ಲಿ ಚಪ್ಪಲಿ ಸ್ಟ್ಯಾಂಡಿಗೆ ಅವನ ಕಾಲಿನ ಕಿರುಬೆರಳು ಬಡಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಏನಾಯ್ತೋ?" ಎಂದು ಇಬ್ಬರು ಅಕ್ಕತಂಗಿಯರೂ ಒಟ್ಟಿಗೆ ಕೂಗಿದರು. "ಏನಿಲ್ಲ, ಚಪ್ಪಲಿ ಬಿಟ್ಟೆ," ಎಂದ. ಕಟ್ಟಿದ ಟವೆಲಿನ ಕೆಳಗಿಂದ ಕಣ್ಣೀರು ಇಳಿಯುತ್ತಿತ್ತು. ಕೂರಿಸಿ, ಟವೆಲ್ ಬಿಚ್ಚಿ, ಬಟ್ಟಲು ಮುಂದಿಟ್ಟರು.

"ಮಗು ಕಾಣ್ತಾ?" ಎಂದರು ಅಂಜಮ್ಮ.

"ಕಾಣ್ತು," ಎಂದ ಯೋಗಾನಂದ. ಬಟ್ಟಲಿನ ಮೇಲೆ ಇನ್ನಷ್ಟು ಬಗ್ಗಿ, "ಸುತ್ತುತಾ ಇದೆ," ಎಂದ. ಅವನು ನೋಡುತ್ತಿದ್ದದ್ದು ಸೀಲಿಂಗ್ ಫ್ಯಾನನ್ನು.

ಅಂಜಮ್ಮನಿಗೆ ಆ ಸುತ್ತುವಿಕೆ ಹಿಡಿಸಲಿಲ್ಲ. ಅವತ್ತಿನಿಂದ ಅವರು ದಿನಾ ಬೆಳಗ್ಗೆ ಫೋನ್ ಮಾಡಿ, "ಯೋಗ ಹೆಂಗಿದಾನೆ?" ಎಂದು ಕೇಳತೊಡಗಿದರು, ಐಸಿಯು ಮುಂದೆ ನಿಂತವರ ದನಿಯಲ್ಲಿ. ಅವನಿಗೆ ಏನೇ ಆದರೂ ಕುಟುಂಬದ ವಾಟ್ಸಾಪ್ ಗುಂಪಿಗೆ ಸುದ್ದಿ ಹೋಗುತ್ತಿತ್ತು. ಅವನ ಸ್ಕೂಟರ್ ಪಂಕ್ಚರ್ ಆಯಿತು, ಮಗುವಿನ ಹಲ್ಲು. ಅವನ ಅಂಗಡಿಯ ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು, ಮಗುವಿನ ಹಲ್ಲು. ನಾನು ಗುಂಪಿನಲ್ಲಿ ಬಾಯಿಗೆ ಬಂದಂತೆ ಬೈದು ಬರೆದೆ. ಅದಕ್ಕೆ ಉತ್ತರವಾಗಿ ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು.

ಯೋಗಾನಂದ ಬೈಯಲಿಲ್ಲ. ಅವನು ಬೇರೆಯೇ ದಾರಿ ಹಿಡಿದ. ತನಗೆ ಏನೂ ಆಗಬಾರದು, ಅಕಸ್ಮಾತ್ ಏನಾದರೂ ಆದರೆ ಅದು ಯಾರಿಗೂ ಗೊತ್ತಾಗಬಾರದು. ಸ್ಕೂಟರನ್ನು ಮನೆಯಲ್ಲೇ ನಿಲ್ಲಿಸಿದ. ಹೆಲ್ಮೆಟ್ ಮಾತ್ರ ತೆಗೆಯಲಿಲ್ಲ. ಹೆಲ್ಮೆಟ್ ಹಾಕಿಕೊಂಡೇ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿಗೆ ಹೋದ. "ಸಾರ್, ಒಳಗಡೆ ಹೆಲ್ಮೆಟ್ ಬೇಡ, ಟ್ರೈನು ನಾವೇ ಓಡಿಸ್ತೀವಿ" ಎಂದು ಸೆಕ್ಯುರಿಟಿಯವನು ಕೈಮುಗಿದನಂತೆ. ಅಂಗಡಿಯಲ್ಲಿ ಗಂಬೂಟು ಹಾಕಿಕೊಂಡು ಮಿಕ್ಸಿ ಬಿಚ್ಚುತ್ತಿದ್ದ. ಮಳೆ ಬಂದರೆ ಅಂಗಡಿಯಿಂದ ಹೊರಗೇ ಬರುತ್ತಿರಲಿಲ್ಲ. ನೆಗಡಿಯಾದಾಗ ನಮ್ಮ ಮನೆಗೆ ಬಂದವನು ಸೀನು ಬಂದರೆ ತಾರಸಿಗೆ ಓಡಿಹೋಗಿ ಸೀನಿ ಬರುತ್ತಿದ್ದ. "ಯಾಕೆ ಓಡ್ದೆ?" ಎಂದು ದಿವ್ಯ ಕೇಳಿದರೆ "ಚಂದ್ರ ಕಾಣ್ತಾನಾ ನೋಡೋಕೆ" ಎನ್ನುತ್ತಿದ್ದ. ಮಧ್ಯಾಹ್ನ ಮೂರು ಗಂಟೆಗೆ!

ನಗುತ್ತಿದ್ದೆ, ಸಿಟ್ಟೂ ಬರುತ್ತಿತ್ತು. ಆದರೆ ಒಂದು ದಿನ ಅವನು ವಚನಾಳನ್ನು ಮಡಿಲಲ್ಲಿ ಕೂರಿಸಿಕೊಂಡು, ಬೇಯಿಸಿದ ಕ್ಯಾರೆಟ್ ತುಂಡು ಅವಳ ಕೈಗೆ ಕೊಟ್ಟು, "ಕಚ್ಚಮ್ಮ, ಎಷ್ಟು ಬೇಕಾದ್ರೂ ಕಚ್ಚು, ಮಾವನಿಗೆ ಏನೂ ಆಗಲ್ಲ" ಎಂದು ಹೇಳುತ್ತಿದ್ದದ್ದು ಅಡುಗೆಮನೆಯಿಂದ ಕೇಳಿಸಿತು. ಯಾರಾದರೂ ಇವನಿಗೆ ಚಿಕ್ಕಂದಿನಲ್ಲಿ ಹೀಗೊಂದು ಮಾತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ವಚನಾಳ ಮೊದಲ ಹುಟ್ಟುಹಬ್ಬ ಬಂತು. ಈ ದಿನ ದಾಟಿದರೆ ಕಂಟಕ ಕಳೆದಂತೆ ಎಂದು ಅಂಜಮ್ಮನೇ ಗಡುವು ಕೊಟ್ಟಿದ್ದರು. ನಮ್ಮ ತಾರಸಿಯ ಮೇಲೆ ಶಾಮಿಯಾನ ಹಾಕಿಸಿದೆವು. ಅಡುಗೆಯ ಉಸ್ತುವಾರಿ ಯೋಗಾನಂದನದು. ಕೇಕ್ ಇಲ್ಲ, ಚಾಕೊಲೇಟ್ ಇಲ್ಲ, ಬಣ್ಣದ ಜ್ಯೂಸ್ ಇಲ್ಲ. ಇಡ್ಲಿಯನ್ನು ಪೇರಿಸಿ ಅದರ ಮೇಲೆ ಬೆಣ್ಣೆ ಬಳಿದು ಮೇಣದಬತ್ತಿ ಸಿಕ್ಕಿಸಿದ್ದ. ನೆಂಟರ ಮಕ್ಕಳು ಅದನ್ನು ನೋಡಿ ಅಳುವುದಕ್ಕೆ ಶುರುಮಾಡಿದವು. ಅವುಗಳಿಗೆ ಕಚ್ಚಿ ಜಗಿಯಲು ಎಂದು ಸೌತೆಕಾಯಿ, ಕ್ಯಾರೆಟ್, ಪನೀರು. ಜೊತೆಗೆ ಅವನ ಒತ್ತಾಯಕ್ಕೆ ಅತ್ತೆಯೇ ಕರಿದ ರಾಗಿ-ಎಳ್ಳು-ನುಗ್ಗೆಸೊಪ್ಪಿನ ಚಕ್ಕುಲಿ. ಅತ್ತೆ ಬೆಣ್ಣೆ ಹಾಕುವುದನ್ನು ಮರೆತಿದ್ದರು. ಅದನ್ನು ನೆಲಕ್ಕೆ ಹಾಕಿದರೆ ಟೈಲ್ಸ್ ಹೋಗುತ್ತಿತ್ತು.

ಯಾವ ಮಗುವೂ ಚಕ್ಕುಲಿ ಮುಟ್ಟಲಿಲ್ಲ. "ಅಯ್ಯೋ, ಎಷ್ಟು ಚೆನ್ನಾಗಿದೆ ಗೊತ್ತಾ, ಹಲ್ಲಿಗೆ ಎಷ್ಟು ಒಳ್ಳೇದು ಗೊತ್ತಾ," ಎನ್ನುತ್ತಾ ಯೋಗಾನಂದ ಮಕ್ಕಳ ಮುಂದೆಯೇ ಒಂದನ್ನು ಎತ್ತಿ ಕಟಂ ಎಂದು ಕಚ್ಚಿದ.

ಆ ಕಟಂ ಚಕ್ಕುಲಿಯದಲ್ಲ. ಪಕ್ಕದಲ್ಲಿದ್ದ ನನಗೆ ತಕ್ಷಣ ಗೊತ್ತಾಯಿತು. ಅವನ ಮುಖ ಬಿಳಿಚಿಕೊಂಡಿತು, ಕಣ್ಣು ತುಂಬಿತು. ಟೇಬಲ್ ಮೇಲಿದ್ದ ಮಜ್ಜಿಗೆಯ ಲೋಟ ಎತ್ತಿ ಗಟಗಟ ಕುಡಿದುಬಿಟ್ಟ. ತನ್ನ ಮುಂದಿನ ಹಲ್ಲನ್ನು ಆ ಮನುಷ್ಯ ಮಜ್ಜಿಗೆಯ ಜೊತೆ ನುಂಗಿಬಿಟ್ಟ! ಆಮೇಲೆ ತುಟಿ ಬಿಗಿದುಕೊಂಡು, ಎಲ್ಲ ಸರಿಯಿದೆ ಎಂಬಂತೆ ತಲೆಯಾಡಿಸುತ್ತಾ, ಮೂಲೆಯ ಕುರ್ಚಿಯಲ್ಲಿ ಕೂತ. ಶರ್ಟಿನ ಮೇಲೆ ಒಂದು ಕೆಂಪು ಹನಿ ಬಿದ್ದಿತ್ತು. ಅದನ್ನು ಮುಚ್ಚಲು ಬೀಟ್‌ರೂಟ್ ಪಲ್ಯವನ್ನು ತಾನೇ ಮೇಲೆ ಚೆಲ್ಲಿಕೊಂಡ.

ಫೋಟೋ ತೆಗೆಯುವಾಗ ವಚನಾಳನ್ನು ಅವನ ತೊಡೆಯ ಮೇಲೆ ಕೂರಿಸಿದರು. "ನಗೋ ಯೋಗ," ಎಂದರು ಅಂಜಮ್ಮ. ತಲೆ ಅಲ್ಲಾಡಿಸಿದ. "ಯಾಕೋ ಮಾತಾಡಲ್ಲ ಆಗ್ಲಿಂದ? ಬಾಯಿ ಬಿಡು ನೋಡೋಣ." ಮತ್ತೆ ತಲೆ ಅಲ್ಲಾಡಿಸಿದ. ವಚನಾಳಿಗೆ ಏನನ್ನಿಸಿತೋ, ತಿರುಗಿ ಎರಡೂ ಕೈಗಳಿಂದ ಮಾವನ ತುಟಿ ಹಿಡಿದು, ಪೊಟ್ಟಣ ಬಿಚ್ಚುವ ಹಾಗೆ ಬಿಚ್ಚಿದಳು. ಒಳಗೆ ಮೇಲಿನ ಸಾಲಿನಲ್ಲಿ, ನಡುಮಧ್ಯ, ಕೆಂಪು ಖಾಲಿ ಜಾಗ.

"ಅಯ್ಯೋ ಶಿವನೇ!" ಎಂದು ಅಂಜಮ್ಮ ಎದೆ ಹೊಡೆದುಕೊಂಡರು. "ನಾನು ಹೇಳ್ಲಿಲ್ವಾ! ನೋಡ್ರೀ ಎಲ್ಲಾ! ಗಡುವು ಮುಗಿಯೋ ದಿನವೇ! ಇವತ್ತು ಹಲ್ಲು, ನಾಳೆ ಇನ್ನೇನೋ! ಮಾವನ್ನ ತಿಂದೋನ ಸೊಸೆ, ಇವಳೂ ಮಾವನ್ನ..."

"ಇಲ್ಲ! ಇಲ್ಲ ಚಿಕ್ಕಮ್ಮ, ಹಂಗನ್ಬೇಡಿ!" ಎಂದು ಯೋಗಾನಂದ ಎದ್ದು ನಿಂತ. ಮಗುವನ್ನು ಎದೆಗವಚಿಕೊಂಡು, ಅವಳ ಕಿವಿಯನ್ನು ಅಂಗೈಯಿಂದ ಮುಚ್ಚಿದ್ದ. ಬಾಯಿಂದ ರಕ್ತ ಜಿನುಗುತ್ತಿತ್ತು. "ನಾನೇ ಕೀಳಿಸ್ಕೊಂಡೆ, ಹೋದ ವಾರವೇ ಕೀಳಿಸ್ಕೊಂಡೆ! ನಂಗೇನೂ ಆಗಿಲ್ಲ! ದಮ್ಮಯ್ಯ, ಇವಳಿಗೆ ಆ ಹೆಸರು ಇಡಬೇಡಿ!"

ಅತ್ತೆ ಚಕ್ಕುಲಿಯ ಡಬ್ಬ ಹಿಡಿದುಕೊಂಡು ಮಗನನ್ನೇ ನೋಡುತ್ತಿದ್ದರು.

"ಅಂಜಾ, ಬಾಯ್ಮುಚ್ಚು," ಎಂದರು. "ಚಕ್ಕುಲಿ ಮಾಡಿದೋಳು ನಾನು. ಬೆಣ್ಣೆ ಹಾಕ್ಲಿಲ್ಲ, ಕಲ್ಲಾಗಿದೆ. ಮಗು ಏನು ಮಾಡ್ತು ಪಾಪ?"

"ಅಲ್ಲಕ್ಕಾ, ನಮ್ಮ ಅಣ್ಣನೂ ಹಿಂಗೇ ಅಲ್ವಾ..."

"ಅಣ್ಣ ಕುಡೀತಿದ್ದ ಕಣೇ. ನಿಂಗೂ ಗೊತ್ತು, ನಂಗೂ ಗೊತ್ತು. ಕುಡಿದು ಕುಡಿದು ಹೊಟ್ಟೆ ಊದಿ ಸತ್ತ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ರು. ಊರಿಗೆ ಏನು ಹೇಳೋದು ಅಂತ ನೀನು ಅಳ್ತಾ ಕೂತೆ, ನಾನು ಮನೇಲಿದ್ದ ಕೂಸಿನ ಬಾಯಿ ತೋರಿಸಿದೆ." ಅತ್ತೆ ಯೋಗಾನಂದನ ಕಡೆ ಕೈ ತೋರಿಸಿದರು. "ಅವನಿಗೆ ಮಾತು ಬರ್ತಿರಲಿಲ್ವಲ್ಲ, ಅದಕ್ಕೆ."

ಅಂಜಮ್ಮ ಕುರ್ಚಿಯ ಮೇಲೆ ಕುಸಿದು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ದಿವ್ಯ ಮಗುವನ್ನು ಎತ್ತಿಕೊಂಡಳು. ಖಾಲಿಯಾದ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಯೋಗಾನಂದ ನಿಂತೇ ಇದ್ದ. ನಲವತ್ತು ದಾಟಿದ, ಶರ್ಟಿನ ತುಂಬ ಬೀಟ್‌ರೂಟ್ ಮೆತ್ತಿಕೊಂಡ ಆ ಮನುಷ್ಯ, ಶಾಲೆ ಬಿಟ್ಟು ಬಂದ ಹುಡುಗನ ದನಿಯಲ್ಲಿ, "ಅಂದ್ರೆ ನಾನು ತಿನ್ಲಿಲ್ವಾ ಅಮ್ಮ?" ಎಂದು ಕೇಳಿದ.

ಅತ್ತೆ ಡಬ್ಬ ಕೆಳಗಿಟ್ಟು ಹತ್ತಿರ ಹೋಗಿ, ಸೆರಗಿನ ತುದಿಯಿಂದ ಅವನ ಬಾಯಿ ಒರೆಸಿದರು.

"ಇಲ್ಲ ಕಣೋ. ನೀನಾಗ ಹಾಲು ಅನ್ನ ಬಿಟ್ಟು ಬೇರೇನೂ ತಿಂತಿರಲಿಲ್ಲ. ಅದನ್ನೂ ಅರ್ಧ ಉಗಿದುಬಿಡ್ತಿದ್ದೆ."